ಆಕಳ ಕೊರೊನಾ ಕೋವಿಡ್‌ಗಿಂತ ಹಳೆಯದು

2020ರಲ್ಲಿ ಕೊರೊನಾ ಲಸಿಕೆ ಯಾವಾಗ ಬರುತ್ತದೆ ಎಂದು ಜಗತ್ತೆಲ್ಲ ಕಾಯುತ್ತಿತ್ತು. ಪಶುವೈದ್ಯರಿಗೆ ಮಾತ್ರ ಆ ಹೆಸರು ಹೊಸದಾಗಿರಲಿಲ್ಲ. ಕರುಗಳಿಗೆ ಕೊಡುವ ಕೊರೊನಾ ಲಸಿಕೆ ಅಮೆರಿಕದಲ್ಲಿ 1970ರ ದಶಕದಲ್ಲೇ ಮಾರುಕಟ್ಟೆಗೆ ಬಂದಿತ್ತು. ನಮ್ಮ ಕಡೆ ಡೇರಿ ಮುಂದೆ ಕ್ಯಾನ್ ಹಿಡಿದು ನಿಂತವರೂ ಕೋವಿಡ್ ಕಾಲದಲ್ಲಿ ಕೇಳುತ್ತಿದ್ದರು: "ದನಕ್ಕೂ ಕೊರೊನಾ ಬರ್ತೈತೇನ್ರಿ?"

ಬರುತ್ತದೆ. ಆದರೆ ಅದು ಬೇರೆ ಕೊರೊನಾ. ಅದು ನಮ್ಮದಕ್ಕಿಂತ ಹಳೆಯದು. ಎಷ್ಟು ಸಾಮಾನ್ಯ ಎಂದರೆ, ಜಗತ್ತಿನಲ್ಲಿ ದನ ಸಾಕುವ ಕಡೆಯೆಲ್ಲ ಹುಡುಕಿದವರಿಗೆ ಅದು ಸಿಕ್ಕಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದಂಥ ಹೈನುಗಾರಿಕೆಯ ಜಿಲ್ಲೆಗಳಲ್ಲಿ ಇದನ್ನು ತಿಳಿದುಕೊಳ್ಳಲು ಎರಡು ಕಾರಣಗಳಿವೆ. ಒಂದು, ಕರು ಸಾಯುವುದು. ಇನ್ನೊಂದು, ಈ ವೈರಸ್ಸು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟುವುದರಲ್ಲಿ ಬಲು ಚಾಲಾಕಿ. ಮನುಷ್ಯರಿಗೂ ಒಮ್ಮೆ ದಾಟಿದೆ ಎಂದು ನಂಬಲು ಒಳ್ಳೆಯ ಆಧಾರವಿದೆ.

ಕೊರೊನಾ ಎನ್ನುವುದು ಒಂದೇ ವೈರಸ್ಸಿನ ಹೆಸರಲ್ಲ, ದೊಡ್ಡ ಬಳಗದ ಹೆಸರು. ಕೋಳಿಗೊಂದು, ಬೆಕ್ಕಿಗೊಂದು, ಒಂಟೆಗೊಂದು, ಹಂದಿಗೆ ಹಲವು. ಬಾವಲಿಗಂತೂ ಲೆಕ್ಕವಿಲ್ಲ. ಆಕಳ ಕೊರೊನಾ ಮತ್ತು ಕೋವಿಡ್ ತಂದ ವೈರಸ್ ಎರಡೂ ಬೀಟಾಕೊರೊನಾ ಎಂಬ ಗುಂಪಿಗೆ ಸೇರಿವೆ. ಸಂಬಂಧ ಅಷ್ಟೇ. ಒಳಗುಂಪು ಬೇರೆ. ಆಕಳದ್ದು ಎಂಬೆಕೊವೈರಸ್, ಕೋವಿಡ್‌ನದು ಸಾರ್ಬೆಕೊವೈರಸ್. ಜೀವಕೋಶದೊಳಗೆ ನುಗ್ಗಲು ಅವು ಹಿಡಿಯುವ ಜಾಗವೂ ಬೇರೆ. ಕೋವಿಡ್ ವೈರಸ್ ಎಸಿಇ2 ಎಂಬ ಪ್ರೋಟೀನನ್ನು ಹಿಡಿಯುತ್ತದೆ. ಆಕಳ ವೈರಸ್ ಜೀವಕೋಶದ ಮೈಮೇಲಿರುವ ಒಂದು ಬಗೆಯ ಸಕ್ಕರೆಯನ್ನು ಹಿಡಿಯುತ್ತದೆ. ಸಿಯಾಲಿಕ್ ಆಮ್ಲ ಎಂದು ಅದಕ್ಕೆ ಹೆಸರು. ಈ ಸಕ್ಕರೆಯ ಮಾತು ಮುಂದೆ ಮತ್ತೆ ಬರುತ್ತದೆ.

ಇದು ಮೊದಲು ಗೊತ್ತಾದದ್ದು 1970ರ ದಶಕದ ಆರಂಭದಲ್ಲಿ, ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ. ಅಲ್ಲಿ ಎಳೆಗರುಗಳು ಭೇದಿಯಿಂದ ಸಾಯುತ್ತಿದ್ದವು. ಭೇದಿಯ ಮಾದರಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸುತ್ತಲೂ ಮುಳ್ಳು ಎದ್ದ ವೈರಸ್ಸು ಕಂಡಿತು. ಆಗಿನಿಂದ ಈಗಿನವರೆಗೆ ಇದು ದನಗಳಲ್ಲಿ ಮೂರು ಬೇರೆ ಬೇರೆ ಕಾಯಿಲೆ ತರುವುದು ಗೊತ್ತಾಗಿದೆ. ಎಳೆಗರುವಿಗೆ ಭೇದಿ, ದೊಡ್ಡ ಆಕಳಿಗೆ ಚಳಿಗಾಲದ ರಕ್ತಭೇದಿ, ಎಲ್ಲ ವಯಸ್ಸಿನ ದನಕ್ಕೂ ಕೆಮ್ಮು–ನೆಗಡಿ. ಮೂರಕ್ಕೂ ಒಂದೇ ವೈರಸ್.

ಕರುವಿನ ಹೊಟ್ಟೆಯಲ್ಲಿ ಏನಾಗುತ್ತದೆ

"ಡಾಕ್ಟರ್ರ, ಕರಾ ನಿನ್ನೆಯಿಂದ ನೀರಿನಂಗ ಶಗಣಿ ಹಾಕಾಕತ್ತೈತ್ರಿ." ಈ ಫೋನು ಬರುವುದು ಹೆಚ್ಚಾಗಿ ಕರು ಹುಟ್ಟಿ ಒಂದರಿಂದ ಮೂರು ವಾರದ ಒಳಗೆ. ವೈರಸ್ಸು ಹೊಟ್ಟೆ ಸೇರಿದ ಒಂದೆರಡು ದಿನಕ್ಕೇ ಭೇದಿ ಶುರುವಾಗುತ್ತದೆ.

ಸಣ್ಣ ಕರುಳಿನ ಒಳಗೋಡೆಯ ಮೇಲೆ ಬೆರಳಿನಾಕಾರದ ಸಣ್ಣ ಸಣ್ಣ ಎಳೆಗಳಿರುತ್ತವೆ. ಕುಡಿದ ಹಾಲನ್ನು ಜೀರ್ಣಿಸಿ ಒಳಗೆ ಎಳೆದುಕೊಳ್ಳುವುದು ಇವುಗಳ ತುದಿಯಲ್ಲಿರುವ ಜೀವಕೋಶಗಳು. ವೈರಸ್ಸು ಕೊಲ್ಲುವುದು ಅವನ್ನೇ. ಎಳೆಗಳು ಸವೆದು ಗಿಡ್ಡವಾಗುತ್ತವೆ. ಕೆಲವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ದೊಡ್ಡ ಕರುಳಿಗೂ ಹಬ್ಬುತ್ತದೆ. ರೋಟಾವೈರಸ್ ಎಂಬ ಇನ್ನೊಂದು ವೈರಸ್ಸೂ ಕರುಗಳಿಗೆ ಭೇದಿ ತರುತ್ತದೆ. ಅದರದ್ದು ಬಹುತೇಕ ಸಣ್ಣ ಕರುಳಿನಲ್ಲೇ ಕೆಲಸ. ಕೊರೊನಾ ಎರಡೂ ಕಡೆ ಕೈಹಾಕುವುದರಿಂದ ಕರು ಜಾಸ್ತಿ ಬಳಲುತ್ತದೆ.

ಜೀರ್ಣವಾಗದ ಹಾಲು ಕರುಳಿನಲ್ಲಿ ಉಳಿಯುತ್ತದೆ. ಅದು ಮೈಯ ನೀರನ್ನೂ ತನ್ನ ಕಡೆಗೆ ಎಳೆದುಕೊಂಡು ಹೊರಗೆ ಹೋಗುತ್ತದೆ. ಜೊತೆಗೆ ಉಪ್ಪಿನಂಶವೂ ಹೋಗುತ್ತದೆ. ರಕ್ತ ಹುಳಿಯಾಗುತ್ತದೆ, ಅಂದರೆ ಆಮ್ಲದ ಅಂಶ ಏರುತ್ತದೆ. 30 ಕಿಲೋ ತೂಗುವ ಕರು ತನ್ನ ತೂಕದಲ್ಲಿ ನೂರಕ್ಕೆ ಹತ್ತರಷ್ಟು ನೀರು ಕಳೆದುಕೊಂಡರೆ ಅದು ಮೂರು ಲೀಟರ್. ಕಣ್ಣು ಗುಳಿ ಬೀಳುತ್ತದೆ. ಕುತ್ತಿಗೆಯ ಚರ್ಮ ಹಿಡಿದೆತ್ತಿ ಬಿಟ್ಟರೆ ತಕ್ಷಣ ಹಿಂದಕ್ಕೆ ಕೂರುವುದಿಲ್ಲ. ಕಿವಿ, ಬಾಯಿ ತಣ್ಣಗಾಗುತ್ತವೆ. ಕೊನೆಗೆ ಎದ್ದು ನಿಲ್ಲಲಾಗುವುದಿಲ್ಲ. ನಮ್ಮ ನಾಡತಳಿ ಖಿಲಾರಿಯ ಕರುಗಳು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ಹಾಲಿನ ತಳಿ) ಕರುಗಳಿಗಿಂತ ಹಗುರ. ಅವುಗಳ ಮೈಯಲ್ಲಿ ಕಳೆದುಕೊಳ್ಳಲು ಇರುವ ನೀರೇ ಕಡಿಮೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಕರುವನ್ನು ಕೊಲ್ಲುವುದು ಬಹಳ ಸಲ ವೈರಸ್ಸಲ್ಲ, ನೀರಿನ ಕೊರತೆ. ಸತ್ತ ಜೀವಕೋಶಗಳ ಜಾಗದಲ್ಲಿ ಕರುಳು ಕೆಲವೇ ದಿನಗಳಲ್ಲಿ ಹೊಸದನ್ನು ಬೆಳೆಸಿಕೊಳ್ಳುತ್ತದೆ. ಆ ಕೆಲವು ದಿನ ಕರು ಬದುಕಿರಬೇಕು, ಅಷ್ಟೇ. ಅದಕ್ಕೆ ಬೇಕಾದ್ದು ಉಪ್ಪು, ಗ್ಲೂಕೋಸ್, ಸೋಡಾದಂಥ ಕ್ಷಾರ ಸೇರಿದ ಓಆರ್‌ಎಸ್ ನೀರು. ತೀರಾ ಬಿದ್ದುಹೋದ ಕರುವಿಗೆ ನರದ ಮೂಲಕ ಸಲೈನ್. ನಮ್ಮಲ್ಲಿ ಬಹಳ ಮಂದಿ ಮೊದಲು ಮಾಡುವ ಕೆಲಸವೆಂದರೆ ಹಾಲು ನಿಲ್ಲಿಸುವುದು. ಹಾಲು ಕುಡಿದದ್ದಕ್ಕೇ ಭೇದಿ ಆಯಿತು ಎಂಬ ಲೆಕ್ಕ. ಮೊದಲೇ ಸೊರಗಿದ ಕರು ಇದರಿಂದ ಉಪವಾಸ ಬೀಳುತ್ತದೆ. ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತಿರಬೇಕು. ನಡುನಡುವೆ ಓಆರ್‌ಎಸ್ ಕುಡಿಸಬೇಕು. ಎರಡನೆಯ ಕೆಲಸ ಮೆಡಿಕಲ್ ಅಂಗಡಿಗೆ ಹೋಗಿ ಆ್ಯಂಟಿಬಯಾಟಿಕ್ ತರುವುದು. ಅದು ವೈರಸ್ಸಿಗೆ ನಾಟುವುದಿಲ್ಲ. ಬ್ಯಾಕ್ಟೀರಿಯಾವೂ ಸೇರಿಕೊಂಡಿದೆ ಎಂದು ವೈದ್ಯರಿಗೆ ಅನ್ನಿಸಿದರೆ ಅವರೇ ಕೊಡುತ್ತಾರೆ.

ಬರೀ ಕಣ್ಣಲ್ಲಿ ನೋಡಿ ಇದು ಕೊರೊನಾ ಭೇದಿ ಎಂದು ಯಾರೂ ಹೇಳಲಾರರು. ಹುಟ್ಟಿದ ಮೂರ್ನಾಲ್ಕು ದಿನದೊಳಗೆ ಆದರೆ ಇ. ಕೋಲೈ ಬ್ಯಾಕ್ಟೀರಿಯಾದ ಅನುಮಾನ ಜಾಸ್ತಿ. ಆಮೇಲಿನದಾದರೆ ರೋಟಾ, ಕೊರೊನಾ, ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿ, ಯಾವುದೂ ಇರಬಹುದು. ಎರಡು ಮೂರು ಒಟ್ಟಿಗೆ ಇರುವುದೂ ಉಂಟು.

ಚಳಿ, ರಕ್ತಭೇದಿ, ಕೆಮ್ಮು

ದೊಡ್ಡ ಆಕಳುಗಳಲ್ಲಿ ಕಾಯಿಲೆಯ ರೂಪವೇ ಬೇರೆ. ನಿನ್ನೆವರೆಗೆ ಚೆನ್ನಾಗಿದ್ದ ಕೊಟ್ಟಿಗೆಯಲ್ಲಿ ಇದ್ದಕ್ಕಿದ್ದಂತೆ ಒಂದು ಆಕಳು ಕಪ್ಪು–ಕಂದು ಬಣ್ಣದ ನೀರು ಭೇದಿ ಹಾಕುತ್ತದೆ. ಕೆಲವೊಮ್ಮೆ ಅದರಲ್ಲಿ ರಕ್ತ ಇರುತ್ತದೆ. ಎರಡು ಮೂರು ದಿನದಲ್ಲಿ ಪಕ್ಕದವಕ್ಕೂ ಶುರು. ಹಾಲು ಧಡಕ್ಕನೆ ಇಳಿಯುತ್ತದೆ. ಸಾಯುವುದು ಅಪರೂಪ, ನೂರಕ್ಕೆ ಒಂದೋ ಎರಡೋ. ಕೆಲವು ದಿನಗಳಲ್ಲಿ ಭೇದಿ ತಾನಾಗಿ ನಿಲ್ಲುತ್ತದೆ. ಹಾಲು ಮಾತ್ರ ಅಷ್ಟು ಬೇಗ ಹಿಂದಕ್ಕೆ ಬರುವುದಿಲ್ಲ. ಕೆಲವು ಆಕಳುಗಳು ಆ ಸೂಲಿನಲ್ಲಿ ಹಳೆಯ ಮಟ್ಟಕ್ಕೆ ಏರುವುದೇ ಇಲ್ಲ. ಹಾಲಿನ ಬಿಲ್ಲಿನ ಮೇಲೆ ಮನೆ ನಡೆಸುವವರಿಗೆ ಇದೂ ಸಣ್ಣ ಪೆಟ್ಟಲ್ಲ.

ಚಳಿಗೂ ಇದಕ್ಕೂ ಏನು ನಂಟು? ತಣ್ಣನೆಯ ವಾತಾವರಣದಲ್ಲಿ, ಬಿಸಿಲು ಕಡಿಮೆ ಇರುವಲ್ಲಿ ವೈರಸ್ಸು ಹೊರಗೆ ಹೆಚ್ಚು ಹೊತ್ತು ಬದುಕುತ್ತದೆ. ಚಳಿಗೆ ದನಗಳನ್ನು ಮುಚ್ಚಿದ ಜಾಗದಲ್ಲಿ ಒತ್ತೊತ್ತಾಗಿ ಕಟ್ಟುತ್ತಾರೆ. ಈ ಹೆಸರು ಬಂದದ್ದು ಹಿಮ ಬೀಳುವ ದೇಶಗಳಿಂದ. ಆದರೆ ವಿಜಯಪುರದಲ್ಲೂ ಡಿಸೆಂಬರ್–ಜನವರಿಯ ಕೆಲವು ರಾತ್ರಿ ಹತ್ತು ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ಅಲ್ವಾ? ಇನ್ನೊಂದು ವಿಷಯ. ಕೊರಿಯಾದಲ್ಲಿ ಬೆಚ್ಚಗಿನ ತಿಂಗಳುಗಳಲ್ಲೂ ದೊಡ್ಡ ದನಗಳ ಭೇದಿಯಲ್ಲಿ ಇದೇ ವೈರಸ್ ಸಿಕ್ಕಿದೆ. ಬೇಸಿಗೆ ಬಂತೆಂದು ಸುಮ್ನೆ ಕೂರುವ ಹಾಗಿಲ್ಲ.

ಮೂರನೆಯದು ಉಸಿರಾಟದ ಕಾಯಿಲೆ. ಇದು 1980ರ ದಶಕದಿಂದೀಚೆಗೆ ಗಮನಕ್ಕೆ ಬಂದದ್ದು. ಮೂಗು ಸೋರುವುದು, ಕೆಮ್ಮು, ಜ್ವರ. ಒಂದೇ ಇದ್ದರೆ ಹಗುರವಾಗಿಯೇ ಹೋಗುತ್ತದೆ. ಲಾರಿಯಲ್ಲಿ ದೂರ ಸಾಗಿಸಿದ ದನಗಳಲ್ಲಿ, ದಣಿವಿನ ಜೊತೆ ಬೇರೆ ವೈರಸ್ಸು, ಬ್ಯಾಕ್ಟೀರಿಯಾ ಸೇರಿದಾಗ ನ್ಯುಮೋನಿಯಾಕ್ಕೆ ತಿರುಗುತ್ತದೆ.

ಸುದ್ದಿಯಿಲ್ಲದೆ ಹರಡುವುದು

ಕರುವಿಗೆ ಭೇದಿ ಆದಾಗ ಎಲ್ಲರೂ ಹೊರಗೆ ನೋಡುತ್ತಾರೆ. ಯಾರದೋ ದೃಷ್ಟಿ, ಯಾರದೋ ದನ, ಯಾವುದೋ ನೀರು. ವೈರಸ್ಸು ಎಷ್ಟೋ ಸಲ ಬರುವುದು ತಾಯಿಯಿಂದಲೇ. ದೊಡ್ಡ ಆಕಳು ಯಾವ ಲಕ್ಷಣವೂ ಇಲ್ಲದೆ ಇದನ್ನು ಮೈಯಲ್ಲಿ ಇಟ್ಟುಕೊಂಡಿರುತ್ತದೆ. ಸಗಣಿಯಲ್ಲಿ, ಮೂಗಿನ ಸಿಂಬಳದಲ್ಲಿ ಆಗಾಗ ಹೊರಹಾಕುತ್ತದೆ. ಕರು ಹಾಕುವ ಹೊತ್ತಿಗೆ ಹೊರಹಾಕುವುದು ಜಾಸ್ತಿಯಾಗುತ್ತದೆ. ಕೆಚ್ಚಲಿಗೆ ಸಗಣಿ ಮೆತ್ತಿರುತ್ತದೆ. ಕರು ಮೊದಲ ಸಲ ಬಾಯಿ ಹಾಕುವುದೇ ಅಲ್ಲಿಗೆ.

ಒಮ್ಮೆ ಬಂದರೆ ಮತ್ತೆ ಬಾರದು ಎನ್ನುವ ಹಾಗೂ ಇಲ್ಲ. ಕರುಳು ಮತ್ತು ಮೂಗಿನ ಒಳಪದರದಲ್ಲಿ ಹುಟ್ಟುವ ರಕ್ಷಣೆ ಬೇಗ ಕರಗುತ್ತದೆ. ಅದೇ ದನಕ್ಕೆ ಬಾಳಿನುದ್ದಕ್ಕೂ ಹಲವು ಸಲ ಸೋಂಕು ತಗಲುತ್ತದೆ, ಹೆಚ್ಚಿನವು ನಮ್ಮ ಕಣ್ಣಿಗೇ ಬೀಳದೆ. ನಮ್ಮ ಬಯಲುಸೀಮೆಯ ಮೇ ತಿಂಗಳ ಬಿಸಿಲು ನೆಲದ ಮೇಲಿನ ವೈರಸ್ಸನ್ನು ಸುಡಬಹುದು. ದನದ ಹೊಟ್ಟೆಯಲ್ಲಿ ಕೂತದ್ದನ್ನು ಏನೂ ಮಾಡಲಾರದು.

ಈಗ ನಮ್ಮ ಮೂರು ಜಿಲ್ಲೆಯ ವರ್ಷದ ಓಡಾಟ ನೋಡಿ. ದಸರೆ–ದೀಪಾವಳಿ ಮುಗಿಯುತ್ತಿದ್ದಂತೆ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡುತ್ತವೆ. ಕಬ್ಬು ಕಡಿಯುವ ಗ್ಯಾಂಗುಗಳು ಎತ್ತು–ಬಂಡಿ ಸಮೇತ ಊರೂರಿಂದ ಬರುತ್ತವೆ, ಮಹಾರಾಷ್ಟ್ರದಿಂದಲೂ ಬರುತ್ತವೆ. ಕಾರ್ಖಾನೆ ಅಂಗಳದಲ್ಲಿ ಎತ್ತುಗಳು ಸಾಲಾಗಿ ನಿಂತು ಒಂದೇ ತೊಟ್ಟಿಯ ನೀರು ಕುಡಿಯುತ್ತವೆ. ಜನವರಿಯಲ್ಲಿ ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ. ತೊರವಿಯ ಬಯಲಿನಲ್ಲಿ ಖಿಲಾರಿ ಎತ್ತು, ಹೋರಿಗಳು ದೂರದೂರದಿಂದ ಬಂದು ಸೇರುತ್ತವೆ. ಹಾಲಿನ ಎಚ್‌ಎಫ್ ಆಕಳು ಬೇಕೆಂದು ಜನ ಕೊಲ್ಹಾಪುರ, ಸಾಂಗ್ಲಿ ಕಡೆ ಹೋಗಿ ಲಾರಿ ತುಂಬಿಸಿಕೊಂಡು ಬರುತ್ತಾರೆ. ಇಷ್ಟೂ ಚಳಿಯ ತಿಂಗಳುಗಳಲ್ಲೇ. ಮಳೆಗಾಲದಲ್ಲಿ ಇನ್ನೊಂದು ಬಗೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಒಟ್ಟಿಗೆ ಉಕ್ಕಿದಾಗ ಬೆಳಗಾವಿ–ಬಾಗಲಕೋಟೆಯ ನದಿದಂಡೆಯ ಜನ ದನಗಳನ್ನು ಹೊಡೆದುಕೊಂಡು ಎತ್ತರದ ಜಾಗಕ್ಕೆ ಹೋದರು. ಸಿಕ್ಕಿದಲ್ಲಿ ಕಟ್ಟಿದರು. ಬೇರೆ ದಾರಿಯಿರಲಿಲ್ಲ. ಇಂಥ ಕಡೆಯೆಲ್ಲ ವೈರಸ್ಸಿಗೆ ಹೊಸ ಹೊಸ ಮೈ ಸಿಗುತ್ತದೆ.

2022ರಲ್ಲಿ ಚರ್ಮಗಂಟು ರೋಗ ಬಂದಾಗ ಜಾನುವಾರು ಜಾತ್ರೆ, ಸಂತೆಗಳನ್ನು ಸರ್ಕಾರ ನಿಲ್ಲಿಸಿತ್ತು. ಆ ರೋಗ ಸಿಡುಬಿನ ಬಳಗದ ವೈರಸ್ಸಿನದು. ಸೊಳ್ಳೆ, ನೊಣ, ಉಣ್ಣೆಗಳು ಅದನ್ನು ಹೊರುತ್ತವೆ. ಮೈಮೇಲೆ ಗಂಟು ಕಾಣುತ್ತದೆ, ಆದ್ದರಿಂದ ಭಯ ಹುಟ್ಟುತ್ತದೆ. ಕೊರೊನಾಕ್ಕೆ ಅಂಥ ಗುರುತೇ ಇಲ್ಲ. ಸಂತೆಯಿಂದ ಮನೆಗೆ ಬಂದ ಚೆಂದದ ಆಕಳ ಜೊತೆ ಅದೂ ಬರುತ್ತದೆ.

ಮನುಷ್ಯರೂ ಇದನ್ನು ಹೊರುತ್ತಾರೆ. ನಾರ್ವೆಯ ಸಂಶೋಧಕರು ಸೋಂಕಿತ ಕರುಗಳ ಜೊತೆ ಕೆಲಸ ಮಾಡಿದವರ ಬಟ್ಟೆ, ಬೂಟು, ಉಪಕರಣ, ಮೂಗಿನ ಒಳಭಾಗ ಎಲ್ಲ ಪರೀಕ್ಷಿಸಿದರು. ಬಟ್ಟೆ–ಬೂಟಿನ ಮೇಲೆ ಮರುದಿನವೂ ವೈರಸ್ಸಿನ ಕುರುಹು ಉಳಿದಿತ್ತು. ಮೂಗಿನಲ್ಲೂ ಸ್ವಲ್ಪ ಹೊತ್ತು ಇತ್ತು. ಅವರಿಗೆ ಕಾಯಿಲೆ ಬಂತು ಎಂದಲ್ಲ. ಅವರು ಬರೀ ಸಾಗಿಸುವವರು. ಕೃತಕ ಗರ್ಭಧಾರಣೆ ಮಾಡುವವರು, ಹಾಲು ಹಿಂಡುವ ಆಳು, ದಲ್ಲಾಳಿ, ವೈದ್ಯರು, ಎಲ್ಲರಿಗೂ ಇದು ಅನ್ವಯಿಸುತ್ತದೆ. ಅದೇ ನಾರ್ವೆ 2016ರಿಂದ ದೇಶಕ್ಕೆ ದೇಶವೇ ಸೇರಿ ಈ ವೈರಸ್ಸನ್ನು ಹತೋಟಿಗೆ ತರುವ ಕೆಲಸ ಹಿಡಿದಿದೆ. ಯಾವ ಮಂದೆಯಲ್ಲಿ ಸೋಂಕು ಇದೆ ಎಂದು ಪರೀಕ್ಷಿಸಿ, ಅದರ ಪ್ರಕಾರ ದನ ಕೊಳ್ಳುವುದು–ಮಾರುವುದು. ನಮ್ಮಲ್ಲಿ ಮನೆಗೆರಡು ಆಕಳು, ಊರಿಗೊಂದು ಡೇರಿ. ಆ ಕ್ರಮ ಹಾಗೇ ಇಲ್ಲಿಗೆ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಅದರೊಳಗಿನ ಒಂದು ತುಂಡು ಇಲ್ಲೂ ನಡೆಯುತ್ತದೆ. ಹೊಸ ದನ ತಂದರೆ ಎರಡು ಮೂರು ವಾರ ಬೇರೆ ಕಡೆ ಕಟ್ಟಿ. ಅದರ ಕೆಲಸ ಕೊನೆಗೆ ಮಾಡಿ.

ಸ್ವಚ್ಛತೆಯಲ್ಲಿ ಒಂದು ಅನುಕೂಲ ಇದೆ. ಈ ವೈರಸ್ಸಿನ ಮೇಲೆ ಕೊಬ್ಬಿನ ಹೊದಿಕೆ ಇರುತ್ತದೆ. ಸಾಬೂನಿನ ನೀರಿಗೂ ಅದು ಒಡೆದುಹೋಗುತ್ತದೆ. ಬ್ಲೀಚಿಂಗ್ ಪೌಡರ್, ಫಿನೈಲ್ ಇದ್ದರೆ ಇನ್ನೂ ಒಳ್ಳೆಯದು. ಆದರೆ ಸಗಣಿಯ ಮೇಲೆ ಬ್ಲೀಚಿಂಗ್ ಉದುರಿಸಿದರೆ ಏನೂ ಸಾಯುವುದಿಲ್ಲ. ಸಗಣಿಯೇ ವೈರಸ್ಸಿಗೆ ರಕ್ಷಣೆ ಕೊಡುತ್ತದೆ. ಮೊದಲು ಬಾಚಿ, ತೊಳೆದು, ಆಮೇಲೆ ಸಿಂಪಡಿಸಬೇಕು.

ಗಿಣ್ಣು ಯಾರದು?

ಎಲ್ಲಕ್ಕಿಂತ ದೊಡ್ಡ ತಡೆ ದುಡ್ಡಿಲ್ಲದೆ ಸಿಗುತ್ತದೆ. ಮನುಷ್ಯರ ಮಗು ಹೊಟ್ಟೆಯಲ್ಲಿರುವಾಗಲೇ ತಾಯಿಯ ರೋಗನಿರೋಧಕ ಪ್ರತಿಕಾಯಗಳನ್ನು ಪಡೆದು ಹುಟ್ಟುತ್ತದೆ. ಆಕಳ ಮಾಸಿನ ರಚನೆ ಬೇರೆ. ಅದು ಪ್ರತಿಕಾಯಗಳನ್ನು ದಾಟಲು ಬಿಡುವುದಿಲ್ಲ. ಕರು ಬರಿಗೈಲಿ ಹುಟ್ಟುತ್ತದೆ. ಅದಕ್ಕೆ ಪ್ರತಿಕಾಯ ಸಿಗುವುದು ಗಿಣ್ಣದ ಹಾಲಿನಿಂದ ಮಾತ್ರ.

ಅದಕ್ಕೂ ಹೊತ್ತಿನ ಮಿತಿ ಇದೆ. ಹುಟ್ಟಿದ ಮೊದಲ ಕೆಲವು ಗಂಟೆ ಕರುವಿನ ಕರುಳು ಪ್ರತಿಕಾಯಗಳನ್ನು ಇಡಿಯಾಗಿ ರಕ್ತಕ್ಕೆ ಬಿಡುತ್ತದೆ. ಗಂಟೆ ಕಳೆದಂತೆ ಆ ದಾರಿ ಮುಚ್ಚುತ್ತ ಬರುತ್ತದೆ. 24 ಗಂಟೆಗೆ ಬಹುತೇಕ ಬಂದ್. ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು ಗಿಣ್ಣು ಮೊದಲ ದಿನವೇ ಹೊಟ್ಟೆಗೆ ಹೋಗಬೇಕು. 30 ಕಿಲೋ ಕರುವಿಗೆ ಮೂರು ಲೀಟರ್. ಅದರಲ್ಲಿ ಅರ್ಧ ಮೊದಲ ಎರಡು ಗಂಟೆಯೊಳಗೆ.

ನಮ್ಮ ಹಳ್ಳಿಗಳಲ್ಲಿ ಈಗಲೂ ಒಂದು ಪದ್ಧತಿ ಇದೆ. ಕಸ, ಅಂದರೆ ಮಾಸು, ಬೀಳುವವರೆಗೆ ಕರುವಿಗೆ ಹಾಲು ಬಿಡುವುದಿಲ್ಲ. ಕಸ ಬೀಳಲು ಆರೆಂಟು ಗಂಟೆ ಹಿಡಿಯಬಹುದು, ಇಡೀ ದಿನವೂ ಆಗಬಹುದು. ಅಷ್ಟರಲ್ಲಿ ಕರುಳಿನ ಬಾಗಿಲು ಮುಚ್ಚುತ್ತ ಬಂದಿರುತ್ತದೆ. ನಿಜ ಹೇಳಬೇಕೆಂದರೆ ಕರು ಮೊಲೆ ಚೀಪಿದರೆ ಕಸ ಬೇಗ ಬೀಳಲು ಅನುಕೂಲವೇ. ಇನ್ನು ಗಿಣ್ಣನ್ನು ಓಣಿಗೆಲ್ಲ ಹಂಚುವುದು. ಬೆಲ್ಲ, ಯಾಲಕ್ಕಿ ಹಾಕಿ ಕಾಸಿದ ಗಿಣ್ಣವೆಂದರೆ ನನಗೂ ಜೀವ. ಕರು ಹೊಟ್ಟೆತುಂಬ ಕುಡಿದು ಉಳಿದದ್ದನ್ನು ಹಂಚಿದರೆ ತಪ್ಪೇನಿಲ್ಲ. ಎರಡನೆಯ, ಮೂರನೆಯ ದಿನದ ಗಿಣ್ಣೂ ವ್ಯರ್ಥವಲ್ಲ. ಅದು ರಕ್ತ ಸೇರದಿದ್ದರೂ ಕರುಳಿನೊಳಗೇ ಉಳಿದು ವೈರಸ್ಸನ್ನು ಅಡ್ಡಗಟ್ಟುತ್ತದೆ.

ಹಲವು ದೇಶಗಳಲ್ಲಿ ಗಬ್ಬದ ಆಕಳಿಗೆ ಕೊನೆಯ ತಿಂಗಳುಗಳಲ್ಲಿ ರೋಟಾ, ಕೊರೊನಾ, ಇ. ಕೋಲೈ ಮೂರಕ್ಕೂ ಸೇರಿದ ಲಸಿಕೆ ಹಾಕುತ್ತಾರೆ. ಕರುವಿಗಾಗಿ ತಾಯಿಗೆ ಲಸಿಕೆ. ಗಿಣ್ಣಿನಲ್ಲಿ ಪ್ರತಿಕಾಯ ಹೆಚ್ಚುತ್ತದೆ. ಆದರೆ ಆ ಗಿಣ್ಣನ್ನು ಕರುವಿಗೆ ಕುಡಿಸದಿದ್ದರೆ ಲಸಿಕೆ ಹಾಕಿಸಿ ಏನು ಬಂತು?

ವೈರಸ್ಸು ಬದಲಾಗುವ ಬಗೆ

ಈ ವೈರಸ್ಸಿನ ಆನುವಂಶಿಕ ಬರಹ ಆರ್‌ಎನ್‌ಎ ರೂಪದಲ್ಲಿದೆ. ಸುಮಾರು 31 ಸಾವಿರ ಅಕ್ಷರ. ಆರ್‌ಎನ್‌ಎ ವೈರಸ್ಸುಗಳಲ್ಲಿ ಇದು ಬಹಳ ಉದ್ದದ ಬರಹ. ಪ್ರತಿ ಸಲ ನಕಲು ಮಾಡುವಾಗ ತಪ್ಪು ಬೀಳುತ್ತದೆ. ಆದರೆ ಕೊರೊನಾಗಳಿಗೆ ತಪ್ಪು ತಿದ್ದುವ ಒಂದು ಪ್ರೋಟೀನು ಇದೆ. ಆದ್ದರಿಂದ ಅವು ಫ್ಲೂ ವೈರಸ್ಸಿನಷ್ಟು ಬೇಗ ಬದಲಾಗುವುದಿಲ್ಲ. ಆಕಳ ಕೊರೊನಾದಲ್ಲಿ ವರ್ಷಕ್ಕೆ ಹತ್ತು–ಹದಿನೈದು ಅಕ್ಷರ ಬದಲಾಗಿ ಉಳಿಯುತ್ತವೆ ಎಂದು ಒಂದು ಅಂದಾಜು.

ಇನ್ನೊಂದು ದಾರಿ ದೊಡ್ಡ ಜಿಗಿತದ್ದು. ಒಂದೇ ಜೀವಕೋಶಕ್ಕೆ ಎರಡು ಬೇರೆ ತಳಿಯ ಕೊರೊನಾ ಒಟ್ಟಿಗೆ ನುಗ್ಗಿದರೆ, ನಕಲು ಮಾಡುವ ಯಂತ್ರ ಒಂದರ ಮೇಲಿಂದ ಇನ್ನೊಂದಕ್ಕೆ ಹಾರುತ್ತದೆ. ಭಜನಾ ಮೇಳದಲ್ಲಿ ಎರಡು ಹಳೇ ವಹಿ ಎದುರಿಗಿಟ್ಟುಕೊಂಡು ಪದ ಬರೆದುಕೊಳ್ಳುವವನು, ಕಣ್ಣು ತಪ್ಪಿ, ಮೊದಲ ನುಡಿ ಒಂದರಿಂದ, ಮುಂದಿನ ನುಡಿ ಇನ್ನೊಂದರಿಂದ ಬರೆದುಬಿಟ್ಟ ಹಾಗೆ. ಹೊಸ ಪದ ಹುಟ್ಟಿತು. ಬಹುಪಾಲು ಹಾಡಲು ಬಾರದ್ದೇ ಆಗುತ್ತದೆ. ಎಲ್ಲೋ ಒಂದು ಚೆನ್ನಾಗಿ ಕೂರುತ್ತದೆ. ಇದಕ್ಕೆ ಬೇಕಾದ್ದು ಎರಡು ತಳಿ ಒಂದು ದನದಲ್ಲಿ ಸೇರುವುದು. ಬೇರೆ ಬೇರೆ ಕಡೆಯ ದನ ಒಂದೆಡೆ ಕೂಡುವಲ್ಲಿ ಅದಕ್ಕೆ ಅವಕಾಶ ಜಾಸ್ತಿ. ಜಗತ್ತಿನ ಆಕಳ ಕೊರೊನಾಗಳ ಬರಹ ಹೋಲಿಸಿ ನೋಡಿದರೆ ಎರಡು ದೊಡ್ಡ ಕವಲು ಕಾಣುತ್ತವೆ. ಯೂರೋಪಿನದು ಒಂದು, ಅಮೆರಿಕ–ಏಷ್ಯಾದ ಕಡೆಯದು ಇನ್ನೊಂದು. ದನದ ವ್ಯಾಪಾರ ಎಲ್ಲೆಲ್ಲಿ ನಡೆಯಿತೋ ಆ ದಾರಿಯನ್ನೇ ವೈರಸ್ಸಿನ ವಂಶವೃಕ್ಷವೂ ತೋರಿಸುತ್ತದೆ.

ಭೇದಿ ತರುವ ತಳಿ ಬೇರೆ, ಕೆಮ್ಮು ತರುವ ತಳಿ ಬೇರೆ ಇರಬಹುದೇ ಎಂದು ಸಂಶೋಧಕರು ಬಹಳ ವರ್ಷ ಹುಡುಕಿದರು. ಹೊಟ್ಟೆಯ ವೈರಸ್ಸಿಗೂ ಮೂಗಿನ ವೈರಸ್ಸಿಗೂ ಎಲ್ಲ ಕಡೆ ನಿಲ್ಲುವಂಥ ಒಂದೇ ಒಂದು ವ್ಯತ್ಯಾಸ ಸಿಗಲಿಲ್ಲ. ದನದ ವಯಸ್ಸು, ಹವೆ, ಗುಂಪು, ದಣಿವು ಯಾವ ಕಾಯಿಲೆ ಎಂದು ಹೆಚ್ಚಾಗಿ ತೀರ್ಮಾನಿಸುತ್ತವೆ.

ಈಗ ಸಕ್ಕರೆಯ ಮಾತು. ಆಕಳ ವೈರಸ್ಸಿನ ಮೈಮೇಲೆ ಎರಡು ಬಗೆಯ ಮುಳ್ಳುಗಳಿವೆ. ಉದ್ದದ್ದು ಸ್ಪೈಕ್. ಗಿಡ್ಡದ್ದಕ್ಕೆ ಎಚ್‌ಇ ಎಂದು ಹೆಸರು. ಸ್ಪೈಕ್ ಸಕ್ಕರೆಯನ್ನು ಹಿಡಿಯುತ್ತದೆ. ಎಚ್‌ಇಗೆ ಹಿಡಿಯುವುದೂ ಗೊತ್ತು, ಕತ್ತರಿಸಿ ಬಿಡಿಸಿಕೊಳ್ಳುವುದೂ ಗೊತ್ತು. ಸಿಂಬಳದಲ್ಲಿ ಸಿಕ್ಕಿಬೀಳದೆ ಮುಂದೆ ಹೋಗಲು ಈ ಬಿಡಿಸಿಕೊಳ್ಳುವ ಕೆಲಸ ಬೇಕೇ ಬೇಕು. ಸೋಜಿಗವೆಂದರೆ ಈ ಎಚ್‌ಇ ಕೊರೊನಾದ ಸ್ವಂತ ಆಸ್ತಿಯಲ್ಲ. ಎಂದೋ ಒಂದು ಕಾಲದಲ್ಲಿ ಇನ್‌ಫ್ಲುಯೆಂಜಾ ಸಿ ಜಾತಿಯ ವೈರಸ್ಸಿನಿಂದ ಬಂದು ಸೇರಿಕೊಂಡದ್ದು.

ಮನುಷ್ಯರಲ್ಲಿ ಸಾಮಾನ್ಯ ನೆಗಡಿ ತರುವ ನಾಲ್ಕು ಕೊರೊನಾಗಳಲ್ಲಿ ಒಂದರ ಹೆಸರು ಓಸಿ43. 1967ರಲ್ಲಿ ವರದಿಯಾದದ್ದು. ನಮಗೆಲ್ಲ ಇದು ಯಾವಾಗಲೋ ಬಂದು ಹೋಗಿರುತ್ತದೆ. ಇದರ ಬರಹಕ್ಕೂ ಆಕಳ ಕೊರೊನಾದ ಬರಹಕ್ಕೂ ಎಷ್ಟು ಹೋಲಿಕೆ ಎಂದರೆ ಎರಡನ್ನೂ ಒಂದೇ ಪ್ರಭೇದದಲ್ಲಿ ಇಟ್ಟಿದ್ದಾರೆ. 2005ರಲ್ಲಿ ಬೆಲ್ಜಿಯಂನ ಸಂಶೋಧಕರು ಒಂದು ಲೆಕ್ಕ ಹಾಕಿದರು. ವರ್ಷಕ್ಕೆ ಇಷ್ಟು ಅಕ್ಷರ ಬದಲಾಗುವುದಾದರೆ ಎರಡರ ನಡುವಿನ ಇಷ್ಟು ವ್ಯತ್ಯಾಸಕ್ಕೆ ಎಷ್ಟು ವರ್ಷ ಬೇಕು? ಉತ್ತರ 1890ರ ಆಸುಪಾಸಿಗೆ ಬಂತು. ಅಂದರೆ ಆ ಹೊತ್ತಿಗೆ ದನದ ವೈರಸ್ಸು ಮನುಷ್ಯರಿಗೆ ದಾಟಿರಬೇಕು.

1889ರ ಕೊನೆಗೆ ರಷ್ಯಾದಿಂದ ಹೊರಟ ಒಂದು ಸಾಂಕ್ರಾಮಿಕ ಜಗತ್ತನ್ನೇ ಸುತ್ತಿತ್ತು. ಸುಮಾರು ಹತ್ತು ಲಕ್ಷ ಜನ ಸತ್ತರೆಂದು ಅಂದಾಜು. ಅದನ್ನು ರಷ್ಯನ್ ಫ್ಲೂ ಎಂದು ಕರೆದರು. ಅದು ಫ್ಲೂ ಅಲ್ಲ, ದನದಿಂದ ಆಗಷ್ಟೇ ದಾಟಿದ ಓಸಿ43 ಇರಬಹುದೇ ಎಂದು ಕೆಲವರು ಕೇಳಿದ್ದಾರೆ. ಆ ಕಾಲದ ರೋಗಿಗಳ ಮಾದರಿಯಿಂದ ಯಾರೂ ಅದನ್ನು ಸಾಬೀತು ಮಾಡಿಲ್ಲ. ಫ್ಲೂ ಎನ್ನುವವರ ವಾದವೂ ಗಟ್ಟಿ ಇದೆ. ಇಸವಿ ಹೊಂದುತ್ತದೆ ಎಂದ ಮಾತ್ರಕ್ಕೆ ಕೊಲೆಗಾರ ಸಿಕ್ಕ ಎನ್ನುವಂತಿಲ್ಲ. ಅಂತರ್ಜಾಲದಲ್ಲಿ ಇದನ್ನು ಖಚಿತ ಸುದ್ದಿಯಂತೆ ಹಂಚುವವರನ್ನು ನಂಬಬೇಡಿ. ದನದ ಬಳಗದಿಂದ ಓಸಿ43 ಬಂತು ಎನ್ನುವುದು ಗಟ್ಟಿ ಮಾತು, 1889ರ ಕಥೆ ಊಹೆ.

ದಾಟಿದ ಮೇಲೆ ಏನಾಯಿತು ಎನ್ನುವುದು ಇನ್ನೂ ಚೆನ್ನಾಗಿದೆ. ಓಸಿ43ರ ಎಚ್‌ಇ ಮುಳ್ಳು ಹಿಡಿಯುವ ಶಕ್ತಿಯನ್ನು ಕಳೆದುಕೊಂಡಿತು. ಕತ್ತರಿಸುವುದು ಮಾತ್ರ ಉಳಿಯಿತು. ಮನುಷ್ಯರ ಗಂಟಲಿನ ಸಕ್ಕರೆಗಳು ದನದ ಕರುಳಿನ ಸಕ್ಕರೆಗಳಂತಿಲ್ಲ. ಹೊಸ ಜಾಗಕ್ಕೆ ಒಗ್ಗಿಕೊಳ್ಳಲು ವೈರಸ್ಸು ತನ್ನ ಒಂದು ಹಿಡಿತವನ್ನೇ ಬಿಟ್ಟುಕೊಟ್ಟಿತು. ಗಳಿಸುವುದಷ್ಟೇ ವಿಕಾಸ ಎಂದು ನಾವು ತಿಳಿಯುತ್ತೇವೆ. ವೈರಸ್ಸುಗಳಲ್ಲಿ ಬಿಡುವುದೂ ಅಷ್ಟೇ ನಡೆಯುತ್ತದೆ.

ಆಕಳ ಕೊರೊನಾದ ನೆಂಟರು ಇನ್ನೂ ಇದ್ದಾರೆ. 2003ರಲ್ಲಿ ಇಂಗ್ಲೆಂಡಿನ ನಾಯಿಗಳ ಆಸರೆ ಕೇಂದ್ರವೊಂದರಲ್ಲಿ ಕೆಮ್ಮುವ ನಾಯಿಗಳಿಂದ ಒಂದು ಕೊರೊನಾ ಸಿಕ್ಕಿತು. ಅದರ ಸ್ಪೈಕ್ ದನದ್ದಕ್ಕೆ ತೀರಾ ಹತ್ತಿರ. ಅಮೆರಿಕದ ಮೃಗಾಲಯವೊಂದರ ಜಿರಾಫೆಯಲ್ಲಿ, ಕಡವೆ ಮತ್ತು ಇತರ ಜಿಂಕೆಗಳಲ್ಲಿ, ಒಂಟೆ ಜಾತಿಯ ಅಲ್ಪಾಕಾದಲ್ಲಿ, ಇಟಲಿಯ ಎಮ್ಮೆ ಕರುಗಳಲ್ಲಿ ಇದರ ತಳಿಗಳು ಸಿಕ್ಕಿವೆ. ಎಮ್ಮೆಯ ವಿಷಯ ನಮಗೆ ಮುಖ್ಯ. ನಮ್ಮ ಕಡೆ ಧಾರವಾಡಿ ಎಮ್ಮೆ, ಪಂಢರಪುರಿ ಎಮ್ಮೆ, ಖಿಲಾರಿ, ಎಚ್‌ಎಫ್ ಎಲ್ಲ ಒಂದೇ ಗೋದಲಿಯಲ್ಲಿ ಮೇಯುತ್ತವೆ. ಭೇದಿಯಾಗಿದ್ದ ಒಂದು ಮಗುವಿನಲ್ಲಿ ದನದ ವೈರಸ್ಸಿಗೆ ತೀರಾ ಹತ್ತಿರದ ಕೊರೊನಾ ಸಿಕ್ಕಿದ ವರದಿ 1994ರಲ್ಲಿ ಬಂತು. ಅದು ಅಪರೂಪದ ಪ್ರಕರಣ. ಕರುವಿನ ಭೇದಿ ನೋಡಿ ಮನೆಯ ಮಕ್ಕಳ ಬಗ್ಗೆ ಗಾಬರಿಯಾಗುವ ಅಗತ್ಯವಿಲ್ಲ. ಕೈ ತೊಳೆಯುವುದು, ಹಾಲು ಕುದಿಸುವುದು ಸಾಕು.

ತಿರುಗಾ ಪ್ರಶ್ನೆ: ಕೋವಿಡ್ ದನಕ್ಕೆ ಬಂದೀತೇ? 2020ರಲ್ಲಿ ಜರ್ಮನಿಯ ಫ್ರೀಡ್ರಿಶ್ ಲಫ್ಲರ್ ಸಂಸ್ಥೆ ಆರು ದನಗಳ ಮೂಗಿಗೆ ಕೋವಿಡ್ ವೈರಸ್ ಹಾಕಿ ನೋಡಿತು. ಎರಡಕ್ಕೆ ಮಾತ್ರ ಸ್ವಲ್ಪ ಸೋಂಕು ತಗಲಿತು. ಜೊತೆಗಿದ್ದ ದನಗಳಿಗೆ ಹರಡಲಿಲ್ಲ. ಅವುಗಳ ಮೈಯಲ್ಲಿ ಆಕಳ ಕೊರೊನಾದ ಪ್ರತಿಕಾಯಗಳು ಮೊದಲೇ ಇದ್ದವು. ಅವು ಕೋವಿಡ್‌ಗೆ ಅಡ್ಡಿಯಾದಂತೆ ಕಾಣಲಿಲ್ಲ. ಎರಡೂ ಅಷ್ಟು ಬೇರೆ ಬೇರೆ. ಎರಡು ಕೊರೊನಾ ಒಂದು ದನದಲ್ಲಿ ಸೇರಿ ಮೂರನೆಯದು ಹುಟ್ಟೀತು ಎಂಬ ಭಯವನ್ನು ಕೆಲವರು ಹುಟ್ಟಿಸಿದ್ದರು. ದೂರದ ಕವಲುಗಳ ನಡುವೆ ಹಾಗೆ ಕೂಡಿಕೆ ಆಗುವುದು ಕಷ್ಟ. ದನದಲ್ಲಿ ಕೋವಿಡ್ ನೆಲೆಯೂರಿಲ್ಲ. ಅಮೆರಿಕದ ಬಿಳಿಬಾಲದ ಜಿಂಕೆಗಳ ಕಥೆ ಬೇರೆ. ಅವುಗಳಲ್ಲಿ ಅದು ಚೆನ್ನಾಗಿಯೇ ಹರಡಿತು.

ಈ ವಂಶವೃಕ್ಷಗಳೆಲ್ಲ ಕಟ್ಟಿಕೊಂಡದ್ದು ಯಾರದೋ ಕೊಟ್ಟಿಗೆಯ ಒಂದು ಚಮಚ ಭೇದಿಯಿಂದ. ನಿಮ್ಮ ಕಡೆ ಒಂದಾದ ಮೇಲೆ ಒಂದು ಕರುವಿಗೆ ಭೇದಿ ಆಗುತ್ತಿದ್ದರೆ ಪಶು ಆಸ್ಪತ್ರೆಯವರಿಗೆ ಹೇಳಿ ಮಾದರಿ ಕೊಡಿಸಿ. ಭೇದಿ ಶುರುವಾದ ಮೊದಲ ಒಂದೆರಡು ದಿನದ್ದೇ ಆಗಬೇಕು, ಆಗ ವೈರಸ್ಸು ಹೇರಳವಾಗಿ ಹೊರಬರುತ್ತಿರುತ್ತದೆ. ಇನ್ನೂ ಔಷಧ ಕೊಡದ ಕರುವಿನದಾದರೆ ಒಳ್ಳೆಯದು. ನೆಲದ ಮೇಲಿನದು ಬೇಡ, ಗುದದ್ವಾರದಿಂದಲೇ ತೆಗೆದದ್ದು. ಒಂದಲ್ಲ, ಎರಡು ಮೂರು ಕರುಗಳದ್ದು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಐಸ್ ಮೇಲಿಟ್ಟು, ಅದೇ ದಿನ ಕಳಿಸಬೇಕು. ಆಸ್ಪತ್ರೆ ದೂರವಿದ್ದರೆ 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿಯ ಗಾಡಿ ಬರುತ್ತದೆ. ಗಾಡಿ ಬರುವವರೆಗೆ ಕರುವಿಗೆ ಓಆರ್‌ಎಸ್ ಕುಡಿಸುತ್ತಿರಿ.